ನಾಲ್ಕನೇ ಸಲ ತಪ್ಪಿದ ಭಾಗಾಕಾರ

ಪ್ರೀತಿಯ ಅಕ್ಕನಿಗೆ,

ನಾವೆಲ್ಲ ಆರಾಮ. ಗುಬ್ಬಿಯನ್ನು ಶಾಲೆ ಬಿಡಿಸಿ ನಾನೇ ಮನೆಯಲ್ಲಿ ಪಾಠ ಶುರುಮಾಡಿ ಇಂದಿಗೆ ಹನ್ನೊಂದು ದಿನ. ಅಡುಗೆಮನೆಯ ಮೇಜೇ ನಮ್ಮ ತರಗತಿ. ನೀನು ಹೇಳಿದಂತೆ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದೇನೆ: ಒಂಬತ್ತಕ್ಕೆ ಓದು, ಹತ್ತಕ್ಕೆ ಲೆಕ್ಕ. ಆದರೆ ಲೆಕ್ಕ ಮುಗಿಯುವಷ್ಟರಲ್ಲಿ ಊಟದ ಹೊತ್ತು ಮೀರಿರುತ್ತದೆ. ಇಪ್ಪತ್ತನೇ ತಾರೀಖು ಶಿಕ್ಷಣ ಕಚೇರಿಯವರು ಅವಳನ್ನು ಪರೀಕ್ಷಿಸಲು ಬರುತ್ತಾರೆ. ಹಿಂದುಳಿದಿದ್ದರೆ ಮತ್ತೆ ಅದೇ ಶಾಲೆಗೆ ಕಳಿಸಬೇಕಂತೆ.

ನಿನ್ನೆ ಒಂದೇ ಭಾಗಾಕಾರ ನಾಲ್ಕನೇ ಸಲ ತಪ್ಪಿತು. "ಎಷ್ಟು ಸಲ ಹೇಳ್ಬೇಕೇ ನಿಂಗೆ?" ಎಂದು ಕೂಗಿ ಸ್ಕೇಲನ್ನು ಬಡಿದೆ. ಮೇಜಿಗೆ ಬಡಿದದ್ದು ಅಕ್ಕಾ, ಅವಳಿಗಲ್ಲ. ಗುಬ್ಬಿ ಎರಡೂ ಕೈ ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, "ಇನ್ಮೇಲೆ ತಪ್ಪು ಮಾಡಲ್ಲ ಮಿಸ್" ಅಂದಳು.

ನನ್ನನ್ನು "ಅಮ್ಮ" ಅನ್ನಲಿಲ್ಲ. ಯಾವ ಮಿಸ್ ಬೆರಳ ಗಂಟಿಗೆ ಹೊಡೆಯುತ್ತಾಳೆಂದು ಶಾಲೆ ಬಿಡಿಸಿದೆನೋ, ಆ ಹೊತ್ತಿಗೆ ಅವಳ ಕಣ್ಣಿಗೆ ನಾನೇ ಆ ಮಿಸ್. ತಬ್ಬಿಕೊಂಡೆ, ತಪ್ಪಾಯ್ತು ಅಂದೆ. ಅವಳ ಮೈ ಸಡಿಲವಾಗಲಿಲ್ಲ.

ಇವತ್ತು ಕರೆಯುವ ಮೊದಲೇ ಬಂದು ಕೂತಳು. ತಲೆ ಎತ್ತದೆ ಎಂಟು ಲೆಕ್ಕ ಮಾಡಿದಳು. ಎಂಟೂ ಸರಿ. ನನಗೆ ನಿಜವಾಗಿ ಹೆದರಿಕೆಯಾಗಿದ್ದು ಆಗ.

ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದವಳು ನೀನು. ಇಪ್ಪತ್ತರ ತನಕ ಕಾಯಬೇಡ, ಈ ವಾರವೇ ಬಾ. ಅವಳಿಗೆ ಪಾಠ ಹೇಳುವುದು ಬೇಡ. ನನ್ನ ಪಕ್ಕ ಕೂತಿರು, ನನ್ನ ದನಿ ಏರಿದರೆ ಕಾಲು ತುಳಿ.

ದಾರಿ ನೋಡುತ್ತಿರುವ,
ನಿನ್ನ ತಂಗಿ