ಪೌಲೂಸಿಯ ಕೋವಿ

ನವೆಂಬರ್ ೯, ಮಂಗಳವಾರ.

ಈ ಮನೆಗೆ ಹಿರಿಯಳು ನಾನು, ಉಕಾಲಿಕ್. ಯಾರ ಕೈಗೆ ಯಾವ ಕೋವಿ ಎಂಬುದು ನನ್ನ ಮಾತಿನಂತೆಯೇ ನಡೆಯುತ್ತದೆ.

ದಕ್ಷಿಣದಿಂದ ಧ್ರುವದಂಚಿನ ಈ ಹಿಮದೂರಿನಲ್ಲಿ ನೆಲೆಸಲು ಬಂದ ಕಿರಿಸೊಸೆ ಮಾರ್ಗೋ ಹೊಸ ಕೋವಿ ತೋರಿಸಿದಳು. “ಅತ್ತೆ, ಕರಡಿಗೆ ಇದೇ ಸಾಕು ಅಂದ ಅಂಗಡಿಯವನು. ಎಣ್ಣೆನೂ ಚೆನ್ನಾಗಿ ಹಾಕಿದೀನಿ.”

“ಅವನು ಕರಡಿ ನೋಡಿರೋದು ಕ್ಯಾಲೆಂಡರಲ್ಲಿ ಕಣೆ. ಚಳೀಲಿ ಎಣ್ಣೆ ಗಟ್ಟಿಯಾದ್ರೆ ಕೋವಿ ಬರೀ ದೊಣ್ಣೆ.”

ಹಿರಿಮಗ ಪೌಲೂಸಿ ಸತ್ತದ್ದು ಹಾಗೆಯೇ. ಕರಡಿ ಎದುರಿಗಿತ್ತು, ಗುಂಡು ಹಾರಲಿಲ್ಲ. ಚಳಿಗೆ ಮುಂಚೆ ಎಣ್ಣೆ ಒರೆಸಿ ತೆಗೆಯಬೇಕಾದವಳು ನಾನು, ಮರೆತಿದ್ದೆ. ಯಾರಿಗೂ ಹೇಳಿರಲಿಲ್ಲ.

ಸಮುದ್ರ ಇನ್ನೂ ಹೆಪ್ಪುಗಟ್ಟಿಲ್ಲ. ಮಂಜುಗಡ್ಡೆಯ ಮೇಲೆ ಸೀಲ್ ಬೇಟೆ ಸಿಗದೆ ಹಸಿದ ಕರಡಿಗಳು ಶಾಲೆಯವರೆಗೂ ಬರುತ್ತಿವೆ. ಯಾವ ಕೋವಿಯೂ ಇನ್ನು ಸಾಲದು.

ಆದರೂ ಪೌಲೂಸಿಯ ಕೋವಿಯನ್ನೇ ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ ಅವಳಿಗೆ ಕೊಟ್ಟೆ. ಅಂದು ಒರೆಸದವಳು ಯಾರೆಂಬುದನ್ನೂ ಹೇಳಿಬಿಟ್ಟೆ. ಮಾರ್ಗೋ ಬಟ್ಟೆ ತಗೊಂಡು ತಾನೇ ಇನ್ನೊಮ್ಮೆ ಒರೆಸಿದಳು.