ಬುಫಾಳ ಬೆಂಕಿ ಆಸ್ಪತ್ರೆಗೆ ಹೋದದ್ದು

ಬಾನ್ ಹುವೈಸಾನ್, ಮೆಕಾಂಗ್ ದಂಡೆ
ಏಪ್ರಿಲ್ ೨೪

ಪ್ರೀತಿಯ ಮಗ ಸೊಂಪೇತನಿಗೆ,

ಹೇಗಿದ್ದೀಯಪ್ಪಾ? ಉಪ್ಪುನೀರಿಗೆ ಕೈ ಒಡೆಯುತ್ತದೆ ಎಂದಿದ್ದೆಯಲ್ಲ, ರಾತ್ರಿ ಎಣ್ಣೆ ಸವರಿಕೊಳ್ಳುತ್ತಿದ್ದೀಯಾ ಅಥವಾ ನಿಮ್ಮಪ್ಪನ ಹಾಗೆ ಸುಮ್ಮನೆ ಹೂಂ ಅನ್ನುತ್ತೀಯಾ? ನನ್ನ ಮಂಡಿ ನೋವು ಇದ್ದಲ್ಲೇ ಇದೆ, ಎಲ್ಲೂ ಹೋಗಿಲ್ಲ. ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ, ಅರ್ಧ ಓದಿ ಗಾಬರಿಯಾಗಬೇಡ. ನಿನ್ನ ಹೆಂಡತಿ ಬುಫಾ ಚೆನ್ನಾಗಿದ್ದಾಳೆ. ನಿನಗೆ ಮಗಳು ಹುಟ್ಟಿದ್ದಾಳೆ. ಮೇ ತಿಂಗಳಿಗೆ ಅಂದುಕೊಂಡಿದ್ದೆವು, ಅವಸರದ ಹುಡುಗಿ ಈ ತಿಂಗಳ ನಮ್ಮ ಹೊಸ ವರ್ಷದ ಹಬ್ಬದ ದಿನವೇ ಬಂದಳು. ಮೂಗು ನಿನ್ನದೇ, ಏನು ಮಾಡುವುದು, ಬೆಳೆಯುತ್ತಾ ಸರಿಹೋದೀತು. ನಡುಸಮುದ್ರದಲ್ಲಿ ನಿನ್ನ ಮೀನಿನ ದೋಣಿಗೆ ಫೋನು ಸಿಗುವುದಿಲ್ಲ, ಅದಕ್ಕೇ ನಿಮ್ಮ ಬಂದರಿಗೆ ಕೆಲಸಕ್ಕೆ ಹೊರಟ ಪಕ್ಕದ ಮನೆಯ ಲಾವನ ಕೈಯಲ್ಲಿ ಈ ಪತ್ರ ಕೊಡುತ್ತಿದ್ದೇನೆ.

ಅವತ್ತು ಬೆಳಿಗ್ಗೆ ನಾವು ಬುದ್ಧನಿಗೆ ನೀರೆರೆಯಲು ಹೊರಟಿದ್ದೆವು. ಮೆಟ್ಟಿಲ ಹತ್ತಿರವೇ ಬುಫಾಳಿಗೆ ನೋವು ಶುರುವಾಯಿತು. ನಾನು ತಡಮಾಡದೆ, ಹೆತ್ತ ಮೇಲೆ ಮಲಗಿ ಮೈ ಕಾಯಿಸಿಕೊಳ್ಳುವ ಬಾಣಂತಿಯ ಬಿದಿರು ಮಂಚ ಇಳಿಸಿ, ಅದರ ಕೆಳಗೆ ಬೆಂಕಿ ಹೊತ್ತಿಸಿದೆ. ಆದರೆ ಸ್ವಲ್ಪ ಹೊತ್ತಿಗೇ ರಕ್ತ ಹೋಗತೊಡಗಿತು ಮಗಾ. ಆಸ್ಪತ್ರೆಗೆ ಫೋನು ಮಾಡಿದೆ, ಗಾಡಿಯೂ ಬಂತು, ಆದರೆ ನಿನ್ನ ಹೆಂಡತಿ ಕಂಬ ಹಿಡಿದುಕೊಂಡು ಕೂತಳು. "ಬೆಂಕಿ ಬಿಟ್ಟು ನಾನು ಬರಲ್ಲ ಅತ್ತೆ. ಹೋದ ಸಲ ಅರ್ಧಕ್ಕೇ ಆರಿಸಿದ್ರಲ್ಲ, ಏನಾಯ್ತು ನೋಡಿದ್ರಲ್ಲ" ಎಂದಳು. ಮೊದಲ ಮಗು ಉಳಿಯದೆ ಹೋದದ್ದು ಬೆಂಕಿ ಆರಿದ್ದರಿಂದ ಅಂತ ಅವಳ ತಲೆಯಲ್ಲಿ ಕೂತುಬಿಟ್ಟಿದೆ. ನನ್ನ ತಲೆಯಲ್ಲೂ ಕೂತಿತ್ತು, ಸುಳ್ಳು ಯಾಕೆ ಹೇಳಲಿ. ಕೆಳಗೆ ಹಾಸಿದ ಚಾಪೆ ಕೆಂಪಗಾಗುತ್ತಿತ್ತು, ಅವಳು ಕಂಬ ಬಿಡಲಿಲ್ಲ.

ಆಸ್ಪತ್ರೆಯ ಹಿಂದೆ ಡಾಕ್ಟರಮ್ಮ ಒಂದು ಚಪ್ಪರ ಹಾಕಿಸಿದ್ದಾಳೆ ಅಂತ ನಿನಗೆ ಬರೆದಿದ್ದೆನಾ? ನೆನಪಿಲ್ಲ. ಹೆಂಗಸರು ಹೆರಿಗೆಗೆ ಬರುತ್ತಿರಲಿಲ್ಲವಲ್ಲ, ಅಲ್ಲಿ ಬೆಂಕಿಗೆ ಮೈ ಕಾಯಿಸಿಕೊಳ್ಳಲು ಬಿಡುವುದಿಲ್ಲ ಅಂತ. ಆಕೆ ಮನೆಮನೆಗೆ ಬಂದು, ನಮ್ಮ ಜೊತೆ ಚಾಪೆ ಮೇಲೆ ಕೂತು, ಕೈಯಲ್ಲೇ ಅಂಟಕ್ಕಿ ಅನ್ನ ಉಂಡು, ಮಂಚ ಎಷ್ಟು ಎತ್ತರ ಬೇಕು, ಯಾವ ಸೌದೆ ಹೊಗೆ ಬಿಡುವುದಿಲ್ಲ ಎಂದು ಕೇಳಿಕೊಂಡು ಹೋಗಿ ಕಟ್ಟಿಸಿದ್ದು. ಹೆರಿಗೆ ಒಳಗೆ, ಬಾಣಂತನ ಹೊರಗೆ ಅಂತ ಒಪ್ಪಂದ. ಆಗ ನಾನು ಆಕೆಯ ಮುಖಕ್ಕೇ ಹೇಳಿದ್ದೆ, "ಕಟ್ಟಿಸಿ ಕಟ್ಟಿಸಿ, ಕೋಳಿ ಸಾಕೋಕಾಗತ್ತೆ" ಅಂತ. ಆಕೆ ನಕ್ಕು ಇನ್ನೊಂದು ತುತ್ತು ಉಂಡಿದ್ದಳು.

ಗಾಡಿಯಲ್ಲಿ ಬಂದ ನರ್ಸ್ ಬುಫಾಳ ಮುಂದೆ ಮಂಡಿಯೂರಿ, "ಅಕ್ಕಾ, ನಿಮ್ ಬೆಂಕೀನೂ ಬರತ್ತೆ, ಎದ್ದೇಳಿ" ಎಂದಳು. ನಾನು ಕೆಂಡವನ್ನೆಲ್ಲ ಮಡಕೆಗೆ ಬಳಿದುಕೊಂಡು ಗಾಡಿ ಹತ್ತಲು ಹೋದೆ. ಡ್ರೈವರು ಹೌಹಾರಿದ. "ಅಮ್ಮಾ, ಒಳಗೆ ಆಕ್ಸಿಜನ್ ಇದೆ! ನಮ್ಮನ್ನೆಲ್ಲ ಒಟ್ಟಿಗೇ ಸುಡ್ತೀರಾ?" ಅಷ್ಟರಲ್ಲಿ ಅವರ ಹಿಂದೆಯೇ ಬೈಕಿನಲ್ಲಿ ಬಂದಿದ್ದ ಆಸ್ಪತ್ರೆಯ ಗೇಟು ಕಾಯುವ ಪಾನ್, "ಬನ್ನಿ ಅಮ್ಮಾ, ನನ್ ಹಿಂದೆ ಕೂತ್ಕೊಳ್ಳಿ" ಎಂದ. ಬುಫಾ ಗಾಡಿಯ ಹಿಂದಿನ ಗಾಜಿನಿಂದ ನನ್ನ ತೊಡೆಯ ಮೇಲಿನ ಮಡಕೆಯನ್ನೇ ನೋಡುತ್ತಾ ಹೋದಳು.

ಈಗ ಯೋಚನೆ ಮಾಡು, ಹೊಸ ವರ್ಷದ ನೀರೆರಚಾಟದ ದಿನ, ಬಜಾರಿನ ರಸ್ತೆ! ಎರಡೂ ಕಡೆ ಡ್ರಮ್ಮು, ಬಕೆಟ್ಟು, ಪೈಪು. ಬೈಕು ಕಂಡರೆ ಬಿಡುತ್ತಾರಾ? ಮೊದಲ ಬಕೆಟ್ಟು ಪಾನನ ಮುಖಕ್ಕೇ ಬಿತ್ತು. ನಾನು ಮಡಕೆಯ ಮೇಲೆ ಬಗ್ಗಿಕೊಂಡೆ, ಬೆನ್ನೆಲ್ಲ ತೊಯ್ದುಹೋಯಿತು, ಎದೆ ಸುಡುತ್ತಿತ್ತು. ಪಾನ್ ಗಂಟಲು ಹರಿಯುವ ಹಾಗೆ ಕೂಗಿದ, "ನೀರು ಹಾಕ್ಬೇಡ್ರೋ! ಬಾಣಂತಿ ಬೆಂಕಿ! ಸೊಂಪೇತನ ಹೆಂಡ್ತಿದು!" ನೂಡಲ್ಸ್ ಅಂಗಡಿಯ ಅಜ್ಜಿ ಮೊದಲು ಬಕೆಟ್ಟು ಕೆಳಗಿಟ್ಟಳು. ಆಮೇಲೆ ಅವಳ ಪಕ್ಕದವರು. ಮಾತು ನಮಗಿಂತ ಮುಂದೆ ಓಡಿತು ಮಗಾ. ನಾವು ಹೋದ ಹಾಗೆಲ್ಲ ಜನ ಬಕೆಟ್ಟು ಇಳಿಸಿ, ಪೈಪು ಮಡಚಿ ಹಿಡಿದು ನಿಂತರು. ಕುಡಿದವರೂ ನಿಂತರು. ನಾನು ಅಳುತ್ತಿದ್ದೆ, ಮುಖ ಹೇಗೂ ಒದ್ದೆಯಾಗಿದ್ದರಿಂದ ಯಾರಿಗೂ ತಿಳಿಯಲಿಲ್ಲ.

ಆಸ್ಪತ್ರೆಯೊಳಗೆ ಬುಫಾಳಿಗೆ ರಕ್ತ ಬೇಕಾಯಿತು. ಹಬ್ಬದ ದಿನ ಊರಿನ ಗಂಡಸರ ಮೈಯಲ್ಲಿ ಇದ್ದದ್ದು ಬರೀ ಬಿಯರು. ಕುಡಿಯದೆ ಇದ್ದವರು ಆಸ್ಪತ್ರೆಯವರು ಮಾತ್ರ. ಡ್ರೈವರು ಕೊಟ್ಟ, ಆ ನರ್ಸ್ ಕೊಟ್ಟಳು, ಒದ್ದೆ ಅಂಗಿಯಲ್ಲೇ ಪಾನ್ ಕೊಟ್ಟ. ನಾನು ಮಡಕೆಯ ಕೆಂಡವನ್ನು ಚಪ್ಪರದ ಮಂಚದ ಕೆಳಗೆ ಸುರಿದು ಸೌದೆ ಒಟ್ಟಿ, ಬಾಗಿಲಲ್ಲಿ ಕೂತು ನಮ್ಮ ಮನೆಯ ಸತ್ತ ಹಿರಿಯರನ್ನೆಲ್ಲ ಒಬ್ಬೊಬ್ಬರಾಗಿ ಕರೆದು ಬೇಡಿಕೊಂಡೆ. ಆಮೇಲೆ ಮಗುವಿನ ಕೂಗು ಕೇಳಿತು. ಡಾಕ್ಟರಮ್ಮ ಬಂದು, "ಇಬ್ರೂ ಉಳಿದ್ರು, ಅಮ್ಮಾ. ನಿಮ್ಮ ಕೋಳಿಗೂಡಲ್ಲಿ ಕೆಂಡ ಚೆನ್ನಾಗಿ ಉರೀತಿದೆ" ಎಂದಳು. ಹೊಡೆಯಬೇಕು ಅನ್ನಿಸಿತು, ಅಪ್ಪಿಕೊಂಡೆ.

ಮರುದಿನ ಸಂಜೆ ಬುಫಾಳನ್ನು ಚಪ್ಪರಕ್ಕೆ ತಂದರು. ಮಂಚದ ಕೆಳಗೆ ತನ್ನದೇ ಬೆಂಕಿ ಕಂಡು, ಮಲಗಿ ನಿದ್ದೆಹೋದಳು. ಬಿಸಿನೀರು ಕುಡಿಸುವುದು ನಾನು, ಮೊಟ್ಟೆ ತಿನ್ನಿಸುವುದು ಡಾಕ್ಟರಮ್ಮ. ಬಾಣಂತಿಗೆ ಮೊಟ್ಟೆ ಕೊಡುವುದನ್ನು ನಾನು ಎಲ್ಲೂ ಕಂಡಿಲ್ಲ, ಆದರೆ ಕೆನ್ನೆಗೆ ಬಣ್ಣ ಬಂದಿದೆ. ನಿನ್ನೆ ಮನೆಗೆ ಕರೆತಂದೆವು. ಊರೆಲ್ಲ ಬಂದು ತಾಯಿ ಮಗುವಿನ ಮಣಿಕಟ್ಟಿಗೆ ಹರಸಿ ಬಿಳಿ ದಾರ ಕಟ್ಟಿದರು. ಪಾನ್ ಈಗ ನಮಗೆ ನೆಂಟ, ಅವನ ರಕ್ತ ಸೇರಿದ ಮೇಲೆ ಸೊಸೆ ಮೆಣಸಿನಕಾಯಿ ಜಾಸ್ತಿ ಕೇಳುತ್ತಿದ್ದಾಳೆ ಎಂದು ರೇಗಿಸುತ್ತೇನೆ.

ಲಕೋಟೆಯಲ್ಲಿ ನಿನ್ನ ಪಾಲಿನ ಬಿಳಿ ದಾರ ಇದೆ. ಲಾವನ ಕೈಯಲ್ಲಿ ಬಲಗೈಗೆ ಕಟ್ಟಿಸಿಕೋ. ಸಮುದ್ರ ನಿನ್ನನ್ನು ತಂಪಾಗಿ ಇಟ್ಟಿರಲಿ.

ನಿನ್ನ ಅಮ್ಮ,
ಖಾಮ್‌ಪೆಂಗ್

ಮರೆತೆ, ಲಾವ ಬಾಗಿಲಲ್ಲಿ ನಿಂತಿದ್ದಾನೆ. ನಿನ್ನೆ ನಾವು ಆಸ್ಪತ್ರೆಯಿಂದ ಹೊರಡುವಾಗ ಹೊಳೆಯಾಚೆಯಿಂದ ಒಬ್ಬಳು ಬಸುರಿ ಬಂದಳು, ತಂದ ಸೌದೆಯೆಲ್ಲ ದೋಣಿಯಲ್ಲಿ ನೆನೆದಿತ್ತು. ಬುಫಾ ತನ್ನ ಬೆಂಕಿಯಲ್ಲಿ ಅರ್ಧ ಅವಳಿಗೆ ಬಿಟ್ಟುಬಂದಳು. ಉಳಿದರ್ಧ ಅದೇ ಮಡಕೆಯಲ್ಲಿ ಮನೆಗೆ ತಂದಿದ್ದೇನೆ, ಪಾನನ ಬೈಕಿನಲ್ಲೇ. ನಮ್ಮ ಮನೆಯಲ್ಲಿ ಬಾಣಂತನ ಮುಗಿದಾಗ ಆ ಬೆಂಕಿಗೆ ನೀರು ಹಾಕಿ ಆರಿಸುವವನು ಮಗುವಿನ ಅಪ್ಪ. ನೀನು ಹುಟ್ಟಿದಾಗ ನಿಮ್ಮಪ್ಪ ಹಾಕಿದ್ದ. ಬುಫಾ ಎದ್ದು ಓಡಾಡುತ್ತಿದ್ದಾಳೆ, ಆದರೂ ಆರಿಸಲು ನನ್ನನ್ನು ಬಿಡುತ್ತಿಲ್ಲ, ಸೌದೆ ಒಟ್ಟುತ್ತಲೇ ಇದ್ದಾಳೆ. ಊರಿಗೆ ಊರೇ ನೀರು ತಡೆದು ಹಿಡಿದದ್ದು ನಿನಗೋಸ್ಕರ. ಬಂದು ಹಾಕು.