ಟೋಕನ್ ತಗೊಂಡು ಕೂತ್ಕೊಳ್ಳಿ

ಜೂನ್ ೩, ಸೋಮವಾರ

ಬೆಳಗ್ಗೆಯಿಂದ ಎರಡೇ ಬ್ಯಾಗು. ಅದರಲ್ಲಿ ಒಂದನ್ನು ಮಾವನೇ ವಾಪಸ್ ಕಳಿಸಿದರು. ಜಿಪ್ಪು ಸರಾಗವಾಗಿ ಓಡುತ್ತಿಲ್ಲ ಅಂತ ಯಾರೋ ತಂದಿದ್ದರು ಪಾಪ. ಮೇಣದಬತ್ತಿ ಉಜ್ಜಿ, ಸರಿಹೋಗುತ್ತದೆ ಅಂದರು ಮಾವ. ಮೇಣದಬತ್ತಿಯನ್ನೂ ತಾವೇ ಕೊಟ್ಟರು! ಹೀಗಾದರೆ ರಿಪೇರಿ ಅಂಗಡಿ ಉದ್ಧಾರವಾದ ಹಾಗೇ.

ಮಿಕ್ಕ ಗಿರಾಕಿಗಳು ಬಾಗಿಲಿಗೆ ಬಂದು ಕರೆದು ಕರೆದು ಹೋಗುತ್ತಾರಂತೆ. ಎದುರಿನ ಬೀಗ ರಿಪೇರಿಯವನು ಹೇಳಿದ. ಮಾವ ಒಳಗೆ ಹೊಲಿಗೆ ಮಷೀನಿನ ಮುಂದೆ, ನಾನು ಪಕ್ಕದಲ್ಲಿ ಹಳೇ ಹೊಲಿಗೆ ಬಿಚ್ಚುತ್ತ ಕೂತಿರುತ್ತೇವೆ. ಆ ಸದ್ದಿನಲ್ಲಿ ಏನು ಕೇಳಬೇಕು?

ಸಂಜೆ ಮಾವ ಶಟರ್ ಎಳೆಯುತ್ತ ಸುಮ್ಮನೆ ಮಾತಿಗೆ ಅನ್ನೋ ಹಾಗೆ ಹೇಳಿಬಿಟ್ಟರು.

"ಈ ತಿಂಗಳು ನೋಡ್ತೀನಿ. ಆಮೇಲೆ ಬೀಗದ ಕೈ ಓನರ್‌ಗೆ ಕೊಟ್ಟುಬಿಡ್ತೀನಿ."

ನನಗೆ ಮದುವೆಯಾಗಿ ಬಂದಾಗ ಗುಂಡಿ ಹಾಕಲೂ ಬರುತ್ತಿರಲಿಲ್ಲ. ಈಗ ಸೂಟ್‌ಕೇಸ್ ಹಿಡಿ ಕೂರಿಸುತ್ತೇನೆ. ಈ ಅಂಗಡಿ ಹೋದರೆ ನನಗೆ ಅಳು ಬರುತ್ತದೆ, ಅಷ್ಟೇ.

ಜೂನ್ ೫

ವ್ಯಾಪಾರಿಗಳ ಸಂಘದ ಹಾಲ್‌ನಲ್ಲಿ ಸಣ್ಣ ಅಂಗಡಿಯವರಿಗೆ ಫ್ರೀ ಕ್ಲಾಸ್. ಹೋದೆ. ಪಾಠ ಮಾಡುವವರು ಬಾಯಿ ತೆರೆದರೆ ಟಿಪ್ಸ್. ಹೆಸರು ಮರೆತೆ, ಟಿಪ್ಸ್ ಮೇಷ್ಟ್ರು ಅಂತಿರಲಿ.

ಗಿರಾಕಿ ಬಂದಾಗ ಒಬ್ಬರಾದರೂ ಕೆಲಸದಿಂದ ತಲೆ ಎತ್ತಿ ನೋಡಬೇಕಂತೆ. ಶುಕ್ರವಾರ ಆಗುವ ಕೆಲಸಕ್ಕೆ ಶನಿವಾರ ಅನ್ನಬೇಕಂತೆ, ಶುಕ್ರವಾರವೇ ಕೊಟ್ಟರೆ ಖುಷಿಪಡುತ್ತಾರೆ. ರಿಪೇರಿಗೆ ಮುಂಚೆ ಒಂದು ಫೋಟೋ, ಆಮೇಲೆ ಒಂದು. ಮತ್ತೆ— ಅಂಗಡಿ ಫೋನಿನ ಮ್ಯಾಪ್‌ನಲ್ಲಿ ಇಲ್ಲ ಅಂದರೆ ಊರಲ್ಲೇ ಇಲ್ಲದ ಲೆಕ್ಕ!

ಅರ್ಧ ಗಾಳಿ ಮಾತು ಅನ್ನಿಸಿತು. ಉಳಿದರ್ಧ ಸರಿ ಇತ್ತು, ಅದೇ ಚುಚ್ಚಿದ್ದು. ನಮ್ಮಲ್ಲಿ ತಲೆ ಎತ್ತಿ ನೋಡುವವರು ಯಾರಿದ್ದಾರೆ?

ಜೂನ್ ೮, ಬೆಳಗ್ಗೆ ೭

ಅಂಗಡಿಯನ್ನು ಮ್ಯಾಪ್‌ಗೆ ಹಾಕಿಯಾಯಿತು! ಅಡುಗೆಮನೆಯಲ್ಲಿ ನಿಂತು, ಹಾಲು ಉಕ್ಕುವುದರೊಳಗೆ. ಅಷ್ಟು ಸುಲಭ. ಹರಿದ ಬ್ಯಾಗಿನ ಫೋಟೋ, ಹೊಲಿದ ಬ್ಯಾಗಿನ ಫೋಟೋ, ತೆರೆಯುವ ಹೊತ್ತು, ಎಲ್ಲಾ ಹಾಕಿದೆ. ನಡುವೆ ಅದು ಏನೇನೋ ಕೇಳುತ್ತಿತ್ತು. ನೀವು ಈಗ ಅಂಗಡಿಯಲ್ಲಿ ಇದ್ದೀರಾ... ಅದೂ ಇದೂ. ಹಾಲಿನ ಮೇಲೆ ಕಣ್ಣಿಟ್ಟು ಹೌದು ಹೌದು ಅಂತ ಒತ್ತಿದೆ.

ಇನ್ನು ಜನ ಬರುವುದೊಂದು ಬಾಕಿ.

ಜೂನ್ ೧೨

ಒಂದು ನರಪಿಳ್ಳೆಯೂ ಇಲ್ಲ.

ಮಾವನಿಗೆ ಹಬ್ಬ. ನಿನ್ನ ಮೊಬೈಲ್ ಒಳಗಿನ ಅಂಗಡಿಗೆ ಜನ ಹೋಗುತ್ತಿರಬೇಕು, ಇಲ್ಲಿಗಂತೂ ಕಾಣೆ ಅಂತ ಕಾಲೆಳೆದರು. ತಿಂಗಳು ಓಡುತ್ತಿದೆ.

ಇನ್ನೊಂದು ವಿಚಿತ್ರ. ಅತ್ತೆಯ ಫೋನೇ ಬರುತ್ತಿಲ್ಲ. ಆಸ್ಪತ್ರೆಯ ಟೋಕನ್ ಕೌಂಟರಿನಿಂದ ರಿಟೈರ್ ಆದ ಮೇಲೆ ಅವರಿಗೆ ಹೊತ್ತೇ ಹೋಗದು. ಟವೆಲ್ ಎಲ್ಲಿ, ಫ್ಯಾನ್ ಯಾರು ಆರಿಸಲಿಲ್ಲ ಅಂತ ದಿನಕ್ಕೆ ಹತ್ತು ಸಲ ಅಂಗಡಿಗೆ ಫೋನ್ ಮಾಡಿ ಮಾವನ ಜೊತೆ ಜಗಳ ತೆಗೆಯುತ್ತಿದ್ದರು. ಈಗ ಮೌನ. ನಿನ್ನೆ ಸಂಜೆ ಸಿಂಕಿನ ತುಂಬ ಟೀ ಲೋಟ. ಕೇಳಿದರೆ, ಬಾಯಾರಿಕೆ ಕಣೇ ಅಂದರು.

ಜೂನ್ ೧೪, ಮಧ್ಯಾಹ್ನ

ನಗಬೇಕೋ ಅಳಬೇಕೋ!

ನೂಲಿನ ಉಂಡೆ ಮರೆತಿದ್ದೆ, ಮನೆಗೆ ಬಂದೆ. ಬಾಗಿಲಲ್ಲಿ ಚಪ್ಪಲಿಯ ರಾಶಿ. ಹಾಲ್‌ನಲ್ಲಿ ಸೋಫಾ ತುಂಬ ಜನ, ತೊಡೆಯ ಮೇಲೆ ಬ್ಯಾಗು, ಕೈಯಲ್ಲಿ ಚರ್ಮದ ಚೂರು, ಅದರ ಮೇಲೆ ಪೆನ್ನಲ್ಲಿ ಬರೆದ ನಂಬರು. ಊಟದ ಟೇಬಲ್ ಹಿಂದೆ ಅತ್ತೆ. ಕನ್ನಡಕ ಮೂಗಿನ ತುದಿಯಲ್ಲಿ.

"ಟೋಕನ್ ತಗೊಂಡು ಕೂತ್ಕೊಳ್ಳಿ" ಅಂದರು, ತಲೆ ಎತ್ತುತ್ತ. ನಾನು ಅಂತ ಗೊತ್ತಾಗಿ ಬೆಪ್ಪಾದರು.

ಮ್ಯಾಪ್ ತೆಗೆದು ನೋಡಿದೆ. ಅಡುಗೆಮನೆಯಲ್ಲಿ ನಿಂತು ಅಂಗಡಿಯಲ್ಲಿದ್ದೇನೆ ಅಂತ ಒತ್ತಿದ ಜಾಣೆ ನಾನು. ಬ್ಯಾಗ್ ರಿಪೇರಿ ಅಂಗಡಿ ನಮ್ಮ ಮನೆಯ ಮೇಲೆಯೇ ಕೂತಿದೆ.

ಮಂಚದ ಕೆಳಗೆ ಬ್ಯಾಗೋ ಬ್ಯಾಗು. ಒಂದೊಂದಕ್ಕೂ ಚೀಟಿ ಕಟ್ಟಿದ್ದಾರೆ. ಯಾರದು, ಎಲ್ಲಿ ಹರಿದಿದೆ, ಯಾವ ದಿನಕ್ಕೆ ಬೇಕು. ಯಾವ ದಿನಕ್ಕೆ ಬೇಕು ಅಂತ ನಾವು ಯಾರನ್ನೂ ಕೇಳಿದವರೇ ಅಲ್ಲ.

ಯಾಕೆ ಹೇಳಲಿಲ್ಲ ಅಂದೆ.

"ಹೇಳಿದ್ರೆ ನಿಮ್ಮಾವ ಎಲ್ರಿಗೂ ಒಂದೊಂದು ಮೇಣದಬತ್ತಿ ಕೊಟ್ಟು ಕಳಿಸ್ತಿದ್ರು. ಇನ್ನೆರಡು ದಿನ ಇರ್ಲಿ ಅನ್ನಿಸ್ತು ಕಣೇ."

ರಿಟೈರ್ ಆದ ಮೇಲೆ ಅವರ ಮುಖದಲ್ಲಿ ಈ ಕಳೆ ನೋಡಿರಲಿಲ್ಲ. ಮ್ಯಾಪ್‌ನಲ್ಲಿ ಅಂಗಡಿ ತೋರಿಸುವ ಪಿನ್ ಸರಿ ಮಾಡಲು ಒಂದು ನಿಮಿಷ ಸಾಕು. ಮಾಡಲಿಲ್ಲ.

ಜೂನ್ ೧೫

ಹೇಳಿಬಿಟ್ಟೆ. ಎಷ್ಟು ದಿನ ಮುಚ್ಚಿಡುವುದು?

ಮಾವ ಮನೆಗೆ ಬಂದರು, ಮಂಚದ ಕೆಳಗೆ ಬಗ್ಗಿ ನೋಡಿದರು. ಮನೆಯನ್ನು ಸಂತೆ ಮಾಡಿದ್ದೀರಿ ಅಂತ ಮುಖ ಊದಿಸಿಕೊಂಡರು. ಅತ್ತೆ ಜಗಳಕ್ಕೇ ಬರುತ್ತಾರೆ ಅಂದುಕೊಂಡೆ. ಬರಲಿಲ್ಲ. ಟೇಬಲ್ ಒರೆಸುತ್ತಲೇ ಹೇಳಿದರು:

"ಮದುವೆಯಾಗಿ ಇಷ್ಟು ವರ್ಷ ಆಯ್ತು. ಒಂದಿನ ಅಂಗಡಿಗೆ ಬಾ ಅಂದಿಲ್ಲ ನೀವು. ಅಂಗಡೀನೇ ನನ್ನ ಹುಡುಕ್ಕೊಂಡು ಬಂತು. ನಾನೇನು ಮಾಡ್ಲಿ?"

ಮಾವ ಕೈಗೆ ಸಿಕ್ಕ ಬ್ಯಾಗಿನ ಚೀಟಿ ಓದಿದರು. ಎಡಪಟ್ಟಿ ಕಿತ್ತಿದೆ, ಸೋಮವಾರ ಪ್ರಯಾಣ ಅಂತಿತ್ತು. ಇದು ಇವತ್ತೇ ಆಗಬೇಕಲ್ಲ ಎಂದು ಗೊಣಗಿ, ಅದನ್ನು ಬಗಲಲ್ಲಿ ಇಟ್ಟುಕೊಂಡು ಹೋದರು. ನಾನು ಹಿಂದಿನಿಂದ ಇನ್ನಷ್ಟು ಹೊತ್ತುಕೊಂಡು ಓಡಿದೆ.

ಜೂನ್ ೨೪

ಬರೆಯಲು ಪುರುಸೊತ್ತಿಲ್ಲ. ಬೆರಳಿಗೆಲ್ಲ ಬ್ಯಾಂಡೇಜು ಪಟ್ಟಿ.

ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ, ಸ್ಕೂಟರಿನಲ್ಲಿ ಬ್ಯಾಗಿನ ಗುಡ್ಡ. ಊಟಕ್ಕೆ ನೆಲವೇ ಗತಿ, ಟೇಬಲ್ ಆಫೀಸಾಗಿದೆ. ಹೀಗೆ ಬಹಳ ದಿನ ನಡೆಯದು, ಎಲ್ಲರಿಗೂ ಗೊತ್ತು. ಶನಿವಾರ ಅಂದಿದ್ದ ಬ್ಯಾಗನ್ನು ಶುಕ್ರವಾರ ಕೊಟ್ಟೆವು, ಆ ಹೆಂಗಸು ಅತ್ತೆಯ ಕೈ ಹಿಡಿದುಕೊಂಡರಂತೆ. ಟಿಪ್ಸ್ ಮೇಷ್ಟ್ರಿಗೆ ಒಂದು ನಮಸ್ಕಾರ.

ತಿಂಗಳ ಕೊನೆಯ ಮಾತು ಮಾವ ಎತ್ತುತ್ತಿಲ್ಲ. ಕೇಳಲು ನನಗೆ ಭಯ.

ಜೂನ್ ೨೯, ಸಂಜೆ

ಓನರ್ ಬಂದಿದ್ದರು. ಖಾಲಿ ಮಾಡುವುದಾದರೆ ಬೇರೆಯವರು ಕಾದಿದ್ದಾರಂತೆ. ನಾಳೆ ಹೇಳುತ್ತೇನೆ ಅಂದರು ಮಾವ. ಅವರು ಹೋದ ಮೇಲೆ ಮೊಳೆಯಿಂದ ಬೀಗದ ಕೈ ತೆಗೆದು ಜೇಬಿಗೆ ಹಾಕಿಕೊಂಡು ಹೊರಟರು. ಎಲ್ಲಿಗೆ ಅಂತ ಕೇಳಲಿಲ್ಲ ನಾನು. ಕೇಳಿದ್ದರೆ ಅತ್ತೇಬಿಡುತ್ತಿದ್ದೆ.

ಆ ಬೀಗದ ಕೈಯನ್ನು ಅವರು ಯಾರಿಗೂ ಕೊಟ್ಟವರಲ್ಲ. ಇಷ್ಟು ವರ್ಷ ಜೊತೆಗೆ ದುಡಿದಿದ್ದೇನೆ, ಮಳೆಯಲ್ಲೂ ಹೊರಗೆ ನಿಂತು ಅವರು ಬಂದು ತೆಗೆಯುವವರೆಗೆ ಕಾದಿದ್ದೇನೆ.

ಜೂನ್ ೩೦, ಭಾನುವಾರ, ೧೧ ಗಂಟೆ

ಅಂಗಡಿಯಲ್ಲೇ ಬರೆಯುತ್ತಿದ್ದೇನೆ.

ಇಬ್ಬರೂ ಬನ್ನಿ ಅಂತ ಮಾವ ಬೆಳಗ್ಗೆ ಅತ್ತೆಯನ್ನೂ ನನ್ನನ್ನೂ ಕರೆದುಕೊಂಡು ಬಂದರು. ಶಟರ್ ಎತ್ತಿದರೆ— ಮಷೀನು ಹಿಂದಿನ ಗೋಡೆಗೆ ಸರಿದಿದೆ. ಮುಂದೆ ಸಣ್ಣ ಮೇಜು, ದಿಂಬು ಹಾಕಿದ ಕುರ್ಚಿ, ಗಿರಾಕಿಗಳಿಗೆ ಬೆಂಚು. ಯಾವಾಗ ಮಾಡಿದರೋ ಪುಣ್ಯಾತ್ಮ.

ಜೇಬಿನಿಂದ ಎರಡು ಹೊಸ ಬೀಗದ ಕೈ ತೆಗೆದರು. ಎದುರಿನ ಬೀಗ ರಿಪೇರಿಯವನ ಹತ್ತಿರ ಮಾಡಿಸಿದ್ದು. ಒಂದು ಅತ್ತೆಗೆ.

"ಊಟದ ಟೇಬಲ್ ಖಾಲಿ ಮಾಡೇ. ಇಲ್ಲಿಗೆ ಬಾ."

ಅತ್ತೆ ಅದನ್ನು ಅಂಗೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಎಷ್ಟು ಗಂಟೆಗೆ ತೆಗೀಬೇಕು ಅಂತಷ್ಟೇ ಕೇಳಿದರು. ಇನ್ನೊಂದು ಬೀಗದ ಕೈ ನನ್ನ ಮುಂದೆ ಹಿಡಿದು, ಮಳೆಗಾಲ ಬಂತಲ್ಲ ಅಂದರು ಮಾವ. ನಾನು ಅತ್ತೇಬಿಟ್ಟೆ. ತಡೆಯಲಾಗಲಿಲ್ಲ.

ಈಗ ಓನರ್ ಬಂದಿದ್ದಾರೆ. ಕೌಂಟರಿನಲ್ಲಿ ಅತ್ತೆ ತಲೆ ಎತ್ತಿ, ಟೋಕನ್ ತಗೊಂಡು ಕೂತ್ಕೊಳ್ಳಿ ಅಂದರು. ಕೈಯಲ್ಲಿ ಬ್ಯಾಗೇ ಇಲ್ಲ ಆ ಮನುಷ್ಯನಿಗೆ, ಆದರೂ ಟೋಕನ್ ಹಿಡಿದು ಕೂತಿದ್ದಾರೆ. ಮಾವ ಒಳಗೆ ಬೆನ್ನು ತಿರುಗಿಸಿ ನಗುತ್ತಿದ್ದಾರೆ, ಭುಜ ಕುಣಿಯುತ್ತಿದೆ.

ಸರಿ, ಪಿನ್ ಸರಿ ಮಾಡಬೇಕು. ಫೋನ್ ತೆಗೆದೆ. ಅದೇ ಪ್ರಶ್ನೆ. ನೀವು ಈಗ ಅಂಗಡಿಯಲ್ಲಿ ಇದ್ದೀರಾ? ಈ ಸಲ ಸುತ್ತ ಒಮ್ಮೆ ಚೆನ್ನಾಗಿ ನೋಡಿದೆ. ಹೌದು ಅಂತ ಒತ್ತಿ—

ಅತ್ತೆ ಕರೆಯುತ್ತಿದ್ದಾರೆ. ಓನರ್ ನಂಬರ್ ಬಂತಂತೆ, ಅವರಿಗೆ ಯಾವ ದಿನ ಅಂತ ಹೇಳೋಣ ಅಂತ ಕೇಳುತ್ತಿದ್ದಾರೆ. ಖಾಲಿ ಮಾಡುವ ದಿನವೇ ಇಲ್ಲ ಅಂತ ಹೇಳಿ ಬರುತ್ತೇನೆ.